ಮನೆಯ ರೌಟರ್‌ಗೆ ಓಪನ್‌ಬಿಎಸ್‌ಡಿ: ಕೆಲವು ಮಳೆಗಾಲ ಬಳಸಿದ ಮೇಲೆ

ಶಿರಸಿಯಿಂದ ಒಳಗೆ, ತೋಟದ ನಡುವೆ ನಮ್ಮನೆ. ಮೊಬೈಲ್ ಸಿಗ್ನಲ್ ಇಲ್ಲ, ಫೋನು ನಡೆಯುವುದೇ ಫೈಬರ್ ಮೇಲಿನ ವೈಫೈ ಕಾಲಿಂಗ್‌ನಿಂದ. ಹಳೇ ಪಿಸಿಯೊಂದಕ್ಕೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಅದನ್ನೇ ರೌಟರ್ ಮಾಡಿಕೊಂಡಿದ್ದೇನೆ. ಸಿಟ್ಟು ಬರುವುದು ಒಂದೇ ವಿಷಯಕ್ಕೆ.

ಜೂನ್ ಬಂತೆಂದರೆ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಕೊನೆಗೆ ಇನ್ವರ್ಟರೂ ಕೈಕೊಡುತ್ತದೆ. ಕರೆಂಟ್ ಬಂದ ಮೇಲೆ ಇದು ಡಿಸ್ಕ್ ಪೂರ್ತಿ ತಪಾಸಣೆ ಮಾಡುತ್ತಾ ಕೂರುತ್ತದೆ, ಯಾಕೆಂದರೆ ಇದರ ಫೈಲ್ ಸಿಸ್ಟಮ್‌ಗೆ ಜರ್ನಲ್, ಅಂದರೆ ಮಾಡಹೊರಟ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ, ಇಲ್ಲ. ಕೆಲವೊಮ್ಮೆ ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಪ್ರೋಗ್ರಾಮನ್ನು ನೀವೇ ಓಡಿಸಿ ಎಂದು ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಮಾನಿಟರ್ ಜೋಡಿಸಿ, ಕೀಬೋರ್ಡ್ ಹುಡುಕಿ, ಪ್ರತಿ ಪ್ರಶ್ನೆಗೂ ವೈ ಒತ್ತಿ ಮುಗಿಸುವ ತನಕ ಮನೆಗೆ ಫೋನಿಲ್ಲ. "ತಮಾ, ಫೋನ್ ಹೋಗ್ತಾ ಇಲ್ಲೆ" ಅಂತ ಒಳಗಿಂದ ಆಯಿ ಕೂಗುತ್ತಿರುತ್ತಾಳೆ.

ಇದರ ಅಣ್ಣತಮ್ಮಂದಿರಾದ ಬೇರೆ ಬಿಎಸ್‌ಡಿ ಸಿಸ್ಟಮ್‌ಗಳಿಗೆ ಈ ಕಷ್ಟ ಇಲ್ಲ. ನೆಟ್‌ಬಿಎಸ್‌ಡಿಗೆ 2009ರ 5.0ರಿಂದಲೇ ಜರ್ನಲ್ ಇದೆ. ಫ್ರೀಬಿಎಸ್‌ಡಿಯಲ್ಲಿ ಇಂಥ ತಪಾಸಣೆಯೇ ಬೇಡದ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದೆ. ಡ್ರಾಗನ್‌ಫ್ಲೈ ಬಿಎಸ್‌ಡಿಯವರು ಹ್ಯಾಮರ್ ಅಂತ ತಮ್ಮದೇ ಫೈಲ್ ಸಿಸ್ಟಮ್ ಬರೆದುಕೊಂಡರು. ಎಲ್ಲರ ಬೇರೂ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸೇ ಅಲ್ವಾ, ಒಂದಾಗಿಬಿಡಬಾರದಾ ಅಂತ ಬಹಳ ದಿನ ಅನಿಸಿತ್ತು.

ಓಪನ್‌ಬಿಎಸ್‌ಡಿ ಬೇರೆಯಾದದ್ದು ಜಗಳದಿಂದಲೇ. ನೆಟ್‌ಬಿಎಸ್‌ಡಿ ಕಟ್ಟಿದವರಲ್ಲಿ ಒಬ್ಬರಾದ ಥಿಯೋ ಡಿ ರಾಟ್ ಅವರನ್ನು 1994ರ ಡಿಸೆಂಬರ್‌ನಲ್ಲಿ ಅದನ್ನು ನಡೆಸುವ ಕೋರ್ ತಂಡ ಬಿಡಲು ಹೇಳಿದರು, ಮರುವರ್ಷ ಅವರು ಓಪನ್‌ಬಿಎಸ್‌ಡಿ ಶುರುಮಾಡಿದರು. ಆದರೆ ಇವತ್ತಿಗೂ ಬೇರೆಯಾಗೇ ಇರುವುದಕ್ಕೆ ಆ ಜಗಳ ಕಾರಣ ಅಲ್ಲ. ಓಪನ್‌ಬಿಎಸ್‌ಡಿಯವರು 2014ರಲ್ಲಿ ಬ್ಲೂಟೂತ್ ಕೋಡನ್ನೇ ಕಿತ್ತುಹಾಕಿದರು. 2018ರಲ್ಲಿ ಭದ್ರತೆಗೆಂದು ಪ್ರೊಸೆಸರ್‌ನ ಒಂದೊಂದು ಕೋರ್‌ನಿಂದ ಎರಡರ ಕೆಲಸ ತೆಗೆಯುವ ಇಂಟೆಲ್‌ನ ಹೈಪರ್‌ಥ್ರೆಡಿಂಗ್ ಆಫ್ ಮಾಡಿದರು, ಬೇಕಾದವರು ತಾವೇ ಆನ್ ಮಾಡಿಕೊಳ್ಳಬೇಕು. ದೊಡ್ಡ ಸರ್ವರ್ ನಡೆಸುವ ಫ್ರೀಬಿಎಸ್‌ಡಿಯವರು ಇದಕ್ಕೆ ಒಪ್ಪುತ್ತಾರಾ? ಇತ್ತ ಝಡ್‌ಎಫ್‌ಎಸ್‌ನ ಲೈಸೆನ್ಸ್ ಓಪನ್‌ಬಿಎಸ್‌ಡಿಯವರಿಗೆ ಒಗ್ಗುವುದಿಲ್ಲ. ಒಂದೇ ಸೂರಿನಡಿ ಸೇರಿಸಿದರೆ ಪ್ರತಿ ತೀರ್ಮಾನದಲ್ಲೂ ಒಬ್ಬರು ಸೋಲಬೇಕಾಗುತ್ತದೆ.

ಬೇರೆ ಇದ್ದರೂ ಕೊಡುಕೊಳ್ಳುವುದು ನಿಂತಿಲ್ಲ. ಓಪನ್‌ಬಿಎಸ್‌ಡಿಯವರು ಬರೆದ, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್ ಎಲ್ಲರ ಹತ್ತಿರವೂ ಇದೆ. ಇವರದೇ ಪಿಎಫ್ ಫೈರ್‌ವಾಲ್ ಫ್ರೀಬಿಎಸ್‌ಡಿಗೂ ಹೋಯಿತು. ಆದರೆ 2010ರಲ್ಲಿ ಓಪನ್‌ಬಿಎಸ್‌ಡಿ 4.7 ಬಂದಾಗ ಇವರು ಪಿಎಫ್‌ನಲ್ಲಿ ನ್ಯಾಟ್ (ಮನೆಯ ಎಲ್ಲ ಸಾಧನಗಳೂ ಒಂದೇ ವಿಳಾಸದಿಂದ ಹೊರಗೆ ಹೋಗುವ ವ್ಯವಸ್ಥೆ) ಬರೆಯುವ ರೀತಿಯನ್ನೇ ಬದಲಿಸಿದರು, ಹಳೇ ರೂಲ್ಸ್ ತಿದ್ದಿಕೊಳ್ಳಿ ಎಂದರು. ಫ್ರೀಬಿಎಸ್‌ಡಿಯವರು ತಮ್ಮ ಬಳಕೆದಾರರಿಗೆ ತೊಂದರೆ ಬೇಡ ಅಂತ ವರ್ಷಗಟ್ಟಲೆ ಹಳೆಯದನ್ನೇ ಉಳಿಸಿಕೊಂಡರು. ಎರಡೂ ಸರಿಯೇ.

ಮತ್ತೆ ನನಗೆ ಓಪನ್‌ಬಿಎಸ್‌ಡಿ ಬಿಡಲು ಮನಸ್ಸಿಲ್ಲ. ಬೆಳಿಗ್ಗೆ ಚಾ ಕುಡಿಯುತ್ತಾ ರೂಟ್‌ಗೆ, ಅಂದರೆ ಅಡ್ಮಿನ್ ಖಾತೆಗೆ, ಸಿಸ್ಟಮ್ ತಾನೇ ಕಳಿಸಿದ ಮೇಲ್ ತೆಗೆಯುತ್ತೇನೆ. ಹಿಂದಿನ ದಿನ ಪಿಎಫ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಿದ್ದರೆ, ಹಳೇ ಸಾಲು ಮೈನಸ್ ಗುರುತಿನಲ್ಲಿ, ಹೊಸದು ಪ್ಲಸ್ ಗುರುತಿನಲ್ಲಿ ಅದರಲ್ಲಿ ಬಂದಿರುತ್ತದೆ. ನಾನು ಮುಟ್ಟದ ಫೈಲ್ ಬದಲಾಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಫೈಬರ್ ಕಡಿದು ಎರಡು ದಿನ ನೆಟ್ ಇಲ್ಲದಿದ್ದರೂ ಮ್ಯಾನ್ ಪೇಜ್ ಎನ್ನುವ ಕೈಪಿಡಿ ಪಿಸಿಯಲ್ಲೇ ಇರುತ್ತದೆ, ಅದೂ ಉದಾಹರಣೆ ಸಮೇತ. ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ಹಾಗಾಗಿ ರೌಟರ್‌ನಲ್ಲಿ ಇದೇ ಇದೆ, ಪಾರ್ಟಿಶನ್‌ಗಳನ್ನು ಚಿಕ್ಕದು ಮಾಡಿದ್ದರಿಂದ ತಪಾಸಣೆ ಈಗ ಬೇಗ ಮುಗಿಯುತ್ತದೆ. ಫೋಟೋ, ತೋಟದ ಲೆಕ್ಕ ಎಲ್ಲ ಫ್ರೀಬಿಎಸ್‌ಡಿ ಹಾಕಿದ ಇನ್ನೊಂದು ಪಿಸಿಗೆ ಹೋಗಿವೆ. ಎರಡೂ ಪುಕ್ಕಟೆ, ಖರ್ಚಾದದ್ದು ಸೆಕೆಂಡ್‌ಹ್ಯಾಂಡ್ ಪಿಸಿಗೆ ಮಾತ್ರ. ಒಳ್ಳೆ ಬ್ಯಾಟರಿ ಇರುವವರು ಧೈರ್ಯವಾಗಿ ಓಪನ್‌ಬಿಎಸ್‌ಡಿ ಹಾಕಿ. ಇನ್ವರ್ಟರ್ ಇಲ್ಲದ ಮನೆಗೆ ಮಾತ್ರ ಬೇಡ.