ಅಲ್ಯೂಮಿನಿಯಂ ಲೋಹಗಾಜಿಗೆ ಯಾವ ಚಿಟಿಕೆ: ಕೋಬಾಲ್ಟ್, ಲ್ಯಾಂಥನಮ್, ಟೈಟಾನಿಯಂ?

ಅಲ್ಯೂಮಿನಿಯಂ ಲೋಹಗಾಜಿನ (ಹರಳಾಗದೆ ಗಾಜಿನಂತೆ ಗಟ್ಟಿಯಾದ ಮಿಶ್ರಲೋಹದ) ಒಂದು ದೊಡ್ಡ ತೊಂದರೆ: ಕಾಯಿಸಿದೊಡನೆ ಅದರೊಳಗೆ ಶುದ್ಧ ಅಲ್ಯೂಮಿನಿಯಂನ ನ್ಯಾನೊಹರಳುಗಳು ಮೊಳೆಯುತ್ತವೆ. ಮೂರು ಧಾತುಗಳೂ ಇದನ್ನು ತಡೆಯುತ್ತವೆ, ಆದರೆ ದಾರಿ ಬೇರೆ ಬೇರೆ.

ದಪ್ಪ ಬೇಕೆಂದರೆ ಕೋಬಾಲ್ಟ್ ಮತ್ತು ಲ್ಯಾಂಥನಮ್ ಜೋಡಿಯೇ ಸರಿ. ಅಲ್ಯೂಮಿನಿಯಂ-ನಿಕ್ಕಲ್-ಇಟ್ರಿಯಂ ಮಿಶ್ರಲೋಹದಲ್ಲಿ ನಿಕ್ಕಲ್‌ನ ಒಂದು ಭಾಗದ ಬದಲು ಕೋಬಾಲ್ಟ್, ಇಟ್ರಿಯಂನ ಒಂದು ಭಾಗದ ಬದಲು ಲ್ಯಾಂಥನಮ್ ಇಟ್ಟ Al₈₆Ni₆Y₄.₅Co₂La₁.₅ ಮಿಶ್ರಲೋಹದಲ್ಲಿ 1 ಮಿ.ಮೀ. ವ್ಯಾಸದ ಗಾಜಿನ ಕಡ್ಡಿ ಎರಕವಾಗಿದೆ. ಈ ಕುಟುಂಬದ ಬಹುಪಾಲು ಮಿಶ್ರಲೋಹಗಳು ತೆಳು ಪಟ್ಟಿಯಾಗಿ ಮಾತ್ರ ಗಾಜಾಗುತ್ತವೆ ಎಂಬುದನ್ನು ನೆನೆದರೆ ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಪಟ್ಟಿಯೇ ಸಾಕು, ಮೂಲ ಮಿಶ್ರಲೋಹ ಅಲ್ಯೂಮಿನಿಯಂ-ಇಟ್ರಿಯಂ-ಕಬ್ಬಿಣದ್ದು ಎಂದಾದರೆ ಟೈಟಾನಿಯಂ ನೋಡಿ. ಪರಮಾಣುಗಳ ಲೆಕ್ಕದಲ್ಲಿ ಶೇ. 0.5 ಸಾಕು. ಆದರೆ 10 ಗ್ರಾಂ ಗಟ್ಟಿಗೆ ಅದು ಸುಮಾರು 0.07 ಗ್ರಾಂ ಅಷ್ಟೇ, ತಕ್ಕಡಿ ಮಿಲಿಗ್ರಾಂ ನಿಖರವಾಗಿರಲಿ. ಟೈಟಾನಿಯಂನ ಕರಗುವ ಬಿಂದು 1668 ಡಿಗ್ರಿ ಸೆಲ್ಸಿಯಸ್. ಗಟ್ಟಿಯನ್ನು ಮಗುಚಿ ನಾಲ್ಕೈದು ಬಾರಿ ವಿದ್ಯುತ್ ಆರ್ಕ್ ಕುಲುಮೆಯಲ್ಲಿ ಕರಗಿಸದಿದ್ದರೆ ಅದು ಒಂದೇ ಕಡೆ ಉಳಿದುಬಿಡುತ್ತದೆ.

ಕೆಲಸದ ಸಲೀಸಿನಲ್ಲಿ ಕೋಬಾಲ್ಟ್ ಮುಂದು, ಗಾಳಿಯಲ್ಲಿ ಕೆಡುವುದಿಲ್ಲ. ಲ್ಯಾಂಥನಮ್ ಹಟಮಾರಿ: ಎಣ್ಣೆಯಿಂದ ತೆಗೆದ ತುಂಡಿನ ಹೊಳಪು ನೋಡನೋಡುತ್ತಲೇ ಮಂಕಾಗುತ್ತದೆ. ಅರದಿಂದ ಉಜ್ಜಿ, ತಕ್ಷಣ ತೂಗಿ, ಆರ್ಗಾನ್ ಅನಿಲದೊಳಗಿಡಿ. ಉಳಿದ ಆಕ್ಸೈಡ್ ಕಣವೇ ಹರಳಿಗೆ ಬೀಜವಾಗುತ್ತದೆ. ಕುಲುಮೆಯ ನಿರ್ವಾತ ದುರ್ಬಲವಾಗಿದ್ದರೆ ಲ್ಯಾಂಥನಮ್ ಬಿಟ್ಟು ಕೋಬಾಲ್ಟ್ ಒಂದನ್ನೇ ಬಳಸುವುದು ಮೇಲು.