ಓ2, ಓ3, ಓಫಾಸ್ಟ್: ಮಳೆ ಲೆಕ್ಕ ತಪ್ಪಿದ ಮೇಲೆ ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓ2ಗೆ. ಬರೆದ ಕೋಡನ್ನು ಯಂತ್ರ ಓಡಿಸುವ ಪ್ರೋಗ್ರಾಮಾಗಿ ಮಾರ್ಪಡಿಸುವ ಜಿಸಿಸಿ ಕಂಪೈಲರಿಗೆ, ವೇಗಕ್ಕಾಗಿ ಎಷ್ಟು ತಿದ್ದಬಹುದು ಎಂದು ಹೇಳುವ ಫ್ಲ್ಯಾಗುಗಳು (ಆಯ್ಕೆಗಳು) ಈ ಓ2, ಓ3, ಓಫಾಸ್ಟ್.

ಜೆಂಟೂ ಲಿನಕ್ಸಿನಲ್ಲಿ ಎಲ್ಲವನ್ನೂ ಸೋರ್ಸ್‌ನಿಂದಲೇ (ಮೂಲ ಕೋಡಿನಿಂದಲೇ) ಬಿಲ್ಡ್ ಮಾಡಿಕೊಳ್ಳುವ ಅಭ್ಯಾಸ ನನ್ನದು. ಹೇಗೂ ಗಂಟೆಗಟ್ಟಲೆ ಕಾಯುತ್ತೇನೆ, ಎಲ್ಲಕ್ಕಿಂತ ವೇಗದ್ದನ್ನೇ ಹಾಕೋಣ ಎಂದು ಬಿಲ್ಡಿನ ಆಯ್ಕೆಗಳಿರುವ ಮೇಕ್.ಕಾನ್ಫ್ ಫೈಲಿನಲ್ಲಿ ಓ2 ಅಳಿಸಿ ಓಫಾಸ್ಟ್ ಬರೆದೆ. ಬೂಟ್ ಆಯಿತು, ಬ್ರೌಸರ್ ತೆರೆಯಿತು. ನನ್ನ ಸ್ವಂತ ಪ್ರೋಗ್ರಾಮುಗಳಿಗೂ ಅದೇ ಫ್ಲ್ಯಾಗ್ ಹಾಕಿದೆ.

ಕೈಕೊಟ್ಟಿದ್ದು ಮಳೆ ಲೆಕ್ಕ. ಅಪ್ಪ ದಿನಾ ಬೆಳಿಗ್ಗೆ ತೋಟದ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ ಡೈರಿಗೆ ಬರೆಯುತ್ತಾರೆ. ಅದರ ಸರಾಸರಿ ತೆಗೆಯಲು ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಇದೆ. ಅಳೆಯದ ದಿನಕ್ಕೆ ಸೊನ್ನೆ ಹಾಕಿದರೆ ಮಳೆಯೇ ಬರಲಿಲ್ಲ ಎಂದಾಗುತ್ತದೆ. ಅದಕ್ಕೇ ಅಲ್ಲಿ ನ್ಯಾನ್, ಅಂದರೆ 'ಸಂಖ್ಯೆಯಲ್ಲ' ಎಂಬ ಗುರುತು. ಇಸ್‌ನ್ಯಾನ್ ಎಂದು ಪರೀಕ್ಷಿಸಿ ಆ ದಿನಗಳನ್ನು ಬಿಟ್ಟು ಉಳಿದದ್ದನ್ನು ಕೂಡುತ್ತೇನೆ. ಜುಲೈಯ 31 ದಿನಗಳಲ್ಲಿ 3 ಖಾಲಿ. ಓಫಾಸ್ಟ್ ಕೊಟ್ಟ ಸರಾಸರಿ: ನ್ಯಾನ್.

ಎರಡು ಸಂಜೆ ಡೈರಿಯ ಅಂಕಿಗಳನ್ನೇ ತಾಳೆ ನೋಡಿದೆ. ಕೊನೆಗೆ ಕಂಪೈಲರ್ ಹೊರಡಿಸಿದ ಯಂತ್ರಮಟ್ಟದ ಕೋಡ್, ಅಂದರೆ ಅಸೆಂಬ್ಲಿ ತೆಗೆದರೆ ಆ 'ಇಫ್' ಪರೀಕ್ಷೆಯೇ ಅಲ್ಲಿರಲಿಲ್ಲ. ಓಫಾಸ್ಟ್ ತನ್ನ ಜೊತೆ ವೇಗಕ್ಕಾಗಿ ಲೆಕ್ಕದ ನಿಯಮ ಸಡಿಲಿಸುವ ಫಾಸ್ಟ್-ಮ್ಯಾತ್ ಅನ್ನೂ ಎಳೆದು ತರುತ್ತದೆ. ಅದರೊಳಗೆ ಫೈನೈಟ್-ಮ್ಯಾತ್-ಓನ್ಲಿ ಇದೆ. ಅದನ್ನು ಹಾಕಿದರೆ 'ಇಲ್ಲಿ ನ್ಯಾನ್ ಬರುವುದೇ ಇಲ್ಲ' ಎಂದು ಕಂಪೈಲರಿಗೆ ನಾವೇ ಮಾತು ಕೊಟ್ಟ ಹಾಗೆ. ಬರದಿದ್ದ ಮೇಲೆ ಪರೀಕ್ಷೆ ಯಾತಕ್ಕೆ ಎಂದು ಜಿಸಿಸಿ ಅದನ್ನು ಕಿತ್ತುಹಾಕಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನನಗಾದರೆ ನ್ಯಾನ್ ಕಣ್ಣಿಗೆ ಬಿತ್ತು. ಅದೇ ಫಾಸ್ಟ್-ಮ್ಯಾತ್‌ನಿಂದ ಕೂಡುವ ಕ್ರಮ ಬದಲಾಗಿ ದಶಾಂಶದ ಕೊನೆಯಂಕಿ ಸರಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಜಿಸಿಸಿ 13ಕ್ಕಿಂತ ಹಿಂದೆ ಇನ್ನೂ ಕೆಟ್ಟದಿತ್ತು: ಎಕ್ಸ್86 ಲಿನಕ್ಸಿನಲ್ಲಿ ಓಫಾಸ್ಟ್ ಹಾಕಿ ಲಿಂಕ್ ಆದ ಒಂದು ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡು) ಲೋಡ್ ಆದರೆ ಸಾಕು, ಅದನ್ನು ಬಳಸುವ ಪ್ರೋಗ್ರಾಮಿನಲ್ಲೂ ಅತಿ ಸಣ್ಣ ಸಂಖ್ಯೆಗಳು ಸೊನ್ನೆಯಾಗುತ್ತಿದ್ದವು. ಬೇರೆ ಯಾರೋ ಬರೆದ ಕೋಡಿಗೆ ನನ್ನ ಫ್ಲ್ಯಾಗಿನ ಪೆಟ್ಟು!

ಓ3 ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ಮಳೆ ಲೆಕ್ಕ ಸರಿಯಾಗಿಯೇ ಬಂತು. ಆದರೆ ಬೈನರಿ (ತಯಾರಾದ ಪ್ರೋಗ್ರಾಂ ಫೈಲು) ದಪ್ಪ, ಬಿಲ್ಡಿಗೆ ಹೊತ್ತು ಜಾಸ್ತಿ. 8 ಜಿಬಿಯ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ದಿನದ ಕೆಲಸಕ್ಕೆ ವ್ಯತ್ಯಾಸ ಕಾಣಲಿಲ್ಲ. ಹೊಸದು ಕೊಳ್ಳುವ ದುಡ್ಡು ಸದ್ಯಕ್ಕಿಲ್ಲ. ಅಲ್ಲದೆ 2022ರ ಜಿಸಿಸಿ 12ರಿಂದ ಓ2 ಕೂಡ ಸುಲಭದ ಲೂಪುಗಳನ್ನು ವೆಕ್ಟರೈಸ್ ಮಾಡುತ್ತದೆ, ಅಂದರೆ ಹಲವು ಅಂಕಿಗಳ ಲೆಕ್ಕವನ್ನು ಒಟ್ಟಿಗೇ ಮಾಡಿಸುತ್ತದೆ.

ಗಾತ್ರ ಇಳಿಸುವ ಓಎಸ್ ಫ್ಲ್ಯಾಗ್ ರೌಟರಿಗೆ ಸರಿ, ನನಗೆ ಬೇಡ.

ಓ2 ಜೊತೆ, ಈ ಯಂತ್ರದ ಪ್ರೊಸೆಸರಿಗೇ ಹೊಂದುವ ಕೋಡ್ ಮಾಡು ಎನ್ನುವ ಆರ್ಚ್ ನೇಟಿವ್ ಫ್ಲ್ಯಾಗ್ ಇಟ್ಟುಕೊಂಡಿದ್ದೇನೆ. ಬಿಲ್ಡ್ ಮಾಡಿದ ಯಂತ್ರದಲ್ಲೇ ಓಡಿಸುವವರಿಗೆ ಮಾತ್ರ ಇದು. ಅಪ್ಪನ ಹಳೇ ಪಿಸಿಗೆ ಕಾಪಿ ಮಾಡಿದ ಪ್ರೋಗ್ರಾಂ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತುಹೋಯಿತು. ಅಲ್ಲಿಗೆ ನೇಟಿವ್ ತೆಗೆದು ಬೇರೆಯಾಗಿ ಬಿಲ್ಡ್ ಮಾಡಿಕೊಟ್ಟೆ.

ಈಗ ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಒಂದಕ್ಕೆ, ಪ್ಯಾಕೇಜಿಗೊಂದು ಆಯ್ಕೆ ಕೊಡಬಹುದಾದ ಪ್ಯಾಕೇಜ್.ಎನ್ವಿ ಮೂಲಕ ಓ3, ಉಳಿದದ್ದಕ್ಕೆಲ್ಲ ಓ2. ಓಫಾಸ್ಟ್‌ನಲ್ಲಿ ಬಿಲ್ಡ್ ಆಗಿದ್ದನ್ನು ಒಂದೂ ಬಿಡದೆ ಮತ್ತೆ ಜೆಂಟೂವಿನ ಬಿಲ್ಡ್ ಕಮಾಂಡ್ ಎಮರ್ಜ್‌ಗೆ ಹಚ್ಚಿದೆ. ಜುಲೈಯ ಸರಾಸರಿ 28 ದಿನಗಳ ಮೇಲೆ ಬಂತು, ಡೈರಿಯ ಅಂಚಿನಲ್ಲಿ ಅಪ್ಪ ಪೆನ್ಸಿಲ್ಲಿನಲ್ಲಿ ಹಾಕಿಟ್ಟಿದ್ದ ಲೆಕ್ಕಕ್ಕೆ ಸರಿಹೊಂದಿತು.