ಟೈಮಿಂಗ್ ಬೆಲ್ಟ್ ಹಾಕಿಸುವವರೇ, ಬಿಚ್ಚಿದ ಹಳೇ ಪಾರ್ಟ್ ಕೇಳಿ ತಗೊಳ್ಳಿ

ತುಮಕೂರು ಸುತ್ತಮುತ್ತ ಹಳೇ ಕಾರು ಇಟ್ಟುಕೊಂಡಿರುವ ಎಲ್ಲರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಬಿಲ್ಲಿನಲ್ಲಿ ಬರೆದು ದುಡ್ಡು ತಗೊಂಡ ಪಾರ್ಟನ್ನು ಗ್ಯಾರೇಜಿನವರು ನನ್ನ ಕಾರಿಗೆ ಹಾಕಿರಲೇ ಇಲ್ಲ. ನಾಲ್ಕು ತಿಂಗಳಲ್ಲಿ ಎಂಜಿನ್ ಹೆದ್ದಾರಿ ಮೇಲೆ ಸತ್ತಿತು. ಪಕ್ಕದ ಸೀಟಿನಲ್ಲಿ 72 ವರ್ಷದ ಅಮ್ಮ ಕೂತಿದ್ದರು.

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 5 ಗೇರು. ಯೂರೋಪಿನ ಆರ್‌ಎಸ್‌ಗೆ 180 ಕುದುರೆ ಬಲ ಇತ್ತು, ನಮ್ಮ ದೇಶಕ್ಕೆ ಬಂದದ್ದು 150. ನನಗೆ ಅಷ್ಟೇ ಬೇಕಾದಷ್ಟಾಯಿತು. ಭಾನುವಾರ ಬೆಳಿಗ್ಗೆ ಮಂಜು ಇರುವಾಗಲೇ ದೇವರಾಯನದುರ್ಗ ಹತ್ತಿ, ಇಳಿದು ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರೆ ಇಡೀ ವಾರ ಮನಸ್ಸು ಹಗುರ. ಹಳ್ಳಿ ರಸ್ತೆಯ ಹಂಪ್‌ಗಳಿಗೆ ತಳ ತಾಗುತ್ತದೆ, ನಿಜ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದೂ ನಿಜ. ಮಾರಿಬಿಟ್ಟು ಎತ್ತರದ ಗಾಡಿ ತಗೋ ಅಂತ ನೆಂಟರೆಲ್ಲ ಹೇಳುತ್ತಾರೆ. ಆದರೆ ಅಮ್ಮನ ಮಂಡಿ ನೋವಿಗೆ ಎತ್ತರದ ಗಾಡಿ ಹತ್ತುವುದೇ ಕಷ್ಟ. ಇದರಲ್ಲಿ ಸಲೀಸಾಗಿ ಕೂರುತ್ತಾರೆ. ಹಾಗಾಗಿ ಮಾರುವ ಮಾತೇ ಇಲ್ಲ.

ಈ ಎಂಜಿನ್ನಿನಲ್ಲಿ ಸಿಲಿಂಡರಿಗೆ 5ರಂತೆ 20 ವಾಲ್ವ್ ಇವೆ, ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳಿದ್ದಂತೆ. ಅವನ್ನು ಒತ್ತುವ ಕ್ಯಾಮ್ ಅನ್ನುವ ದಂಡವನ್ನು ತಿರುಗಿಸಿ, ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವುದು ಒಂದು ರಬ್ಬರ್ ಬೆಲ್ಟು, ಅದೇ ಟೈಮಿಂಗ್ ಬೆಲ್ಟ್. ಅದು ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ಮೇಲೆ ಬಂದ ಪಿಸ್ಟನ್ ತೆರೆದಿರುವ ವಾಲ್ವಿಗೆ ಗುದ್ದುತ್ತದೆ. ಎಂಜಿನ್ ತಂಪಾಗಿಡುವ ಕೂಲಂಟನ್ನು ಓಡಾಡಿಸುವ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಪಂಪಿನ ಬೇರಿಂಗ್ ತಿರುಗದೆ ಹಿಡಿದುಕೊಂಡರೆ ನಿನ್ನೆ ಹಾಕಿದ ಬೆಲ್ಟೂ ಉಳಿಯುವುದಿಲ್ಲ. ಅದಕ್ಕೇ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್, ರೋಲರ್, ಪಂಪ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು.

ಹತ್ತು ವರ್ಷ ನನ್ನ ಕಾರು ನೋಡಿಕೊಂಡ ಮೆಕ್ಯಾನಿಕ್ ಅಣ್ಣ ಬೆನ್ನುನೋವಿಂದ ಕೆಲಸ ಬಿಟ್ಟು ಗುಬ್ಬಿ ಕಡೆಯ ತಮ್ಮ ಊರಿಗೆ ಹೋದರು. ಬೆಲ್ಟ್ ಬದಲಾಯಿಸುವ ಹೊತ್ತು ಬಂದಾಗ ಇನ್ನೊಂದು ಗ್ಯಾರೇಜಿಗೆ ಕೊಟ್ಟೆ. ಟೈಲ್ಸ್ ನೆಲ, ಗಾಜಿನ ಆಫೀಸು, ಕಂಪ್ಯೂಟರ್ ಬಿಲ್ಲು. ಟೈಮಿಂಗ್ ಕಿಟ್ 1 ಸೆಟ್, ವಾಟರ್ ಪಂಪ್ 1, ಕೂಲಂಟ್, ಲೇಬರ್ ಎಲ್ಲ ಸೇರಿ 38,500 ರೂಪಾಯಿ. ಹಳೇ ಪಾರ್ಟ್ ಎಲ್ಲಿ ಅಂತ ಕೇಳಿದೆ. “ಅದೆಲ್ಲ ಗುಜರಿಗೆ ಹೋಯ್ತು ಸಾರ್, ಇಟ್ಕೊಂಡು ಏನ್ಮಾಡ್ತೀರ?” ಅಂದರು. ನಾನು ಸುಮ್ಮನಾದೆ. ಅಲ್ಲಿ ಸುಮ್ಮನಾಗಬಾರದಿತ್ತು.

ಎರಡು ತಿಂಗಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಣ್ಣಗೆ ಕುಂಯ್ ಅನ್ನುವ ಸದ್ದು ಶುರುವಾಯಿತು. ಬಿಸಿಯಾದ ಮೇಲೆ ಇರುತ್ತಿರಲಿಲ್ಲ. ಕೂಲಂಟ್ ಬಾಟಲಿಯಲ್ಲಿ ಮಟ್ಟ ಒಂದು ಬೆರಳು ಇಳಿದಿತ್ತು. ಬೆಲ್ಟ್ ಕವರಿನ ಕೆಳಗೆ ಗುಲಾಬಿ ಬಣ್ಣದ ಒಣಗಿದ ಕಲೆ ಕಂಡಿತು. ವಾಪಸ್ ತಗೊಂಡು ಹೋದೆ. ಕವರ್ ಬಿಚ್ಚಲೇ ಇಲ್ಲ. “ಹಳೇ ಗಾಡಿ ಸಾರ್, ಇಷ್ಟು ಸೌಂಡ್ ಇದ್ದೇ ಇರುತ್ತೆ” ಅಂತ ಹೇಳಿ ಕೂಲಂಟ್ ತುಂಬಿ ಕಳಿಸಿದರು. ಈ ಮಾತು ನಿಮಗೂ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಸದ್ದು ಮತ್ತು ಕೂಲಂಟ್ ಕಲೆ ಎರಡೂ ಒಟ್ಟಿಗೆ ಕಂಡರೆ ಕವರ್ ಬಿಚ್ಚಿಸದೆ ಗಾಡಿ ಓಡಿಸಲೇಬೇಡಿ.

ಚಿತ್ರದುರ್ಗದಲ್ಲಿ ಅಕ್ಕನ ಮಗಳ ಗೃಹಪ್ರವೇಶ ಇತ್ತು. ನಾನು, ಅಮ್ಮ ಬೆಳಿಗ್ಗೆ ಆರಕ್ಕೆ ಹೊರಟೆವು. ಸೀಬಿ ದಾಟಿ ಕಳ್ಳಂಬೆಳ್ಳದ ಕಡೆ ಹೋಗುವಾಗ, 90ರ ವೇಗದಲ್ಲಿ, ಟಪ್ ಅಂತ ಒಂದು ಸದ್ದು. ಅಷ್ಟೇ. ಎಂಜಿನ್ ನಿಂತಿತು. ಸ್ಟೇರಿಂಗ್ ಗಟ್ಟಿಯಾಯಿತು. ಹಿಂದೆ ಲಾರಿಯವನ ಹಾರ್ನ್. ಇಂಥ ಹೊತ್ತಲ್ಲಿ ಬ್ರೇಕ್ ಒಂದೆರಡು ಸಲ ಮಾತ್ರ ಎಂದಿನಂತೆ ಹಿಡಿಯುತ್ತದೆ, ಬಿಟ್ಟು ಬಿಟ್ಟು ಒತ್ತಿದರೆ ಪೆಡಲ್ ಕಲ್ಲಾಗುತ್ತದೆ. ಕೀ ಎಳೆದುಬಿಟ್ಟರೆ ಸ್ಟೇರಿಂಗೇ ಲಾಕ್ ಆಗುತ್ತದೆ. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಅಮ್ಮನನ್ನು ಎಡಗಡೆ ಬಾಗಿಲಿಂದ ಇಳಿಸಿ ತಡೆಗೋಡೆಯ ಆಚೆ ಕೂರಿಸಿದೆ. ಅವರ ಕೈ ನಡುಗುತ್ತಿತ್ತು. ಮಡಿಲಲ್ಲಿ ಉಡುಗೊರೆಯ ಬೆಳ್ಳಿ ದೀಪದ ಡಬ್ಬಿ ಹಾಗೇ ಹಿಡಿದುಕೊಂಡಿದ್ದರು.

ಆಮೇಲೆ ಒಂದು ತಪ್ಪು ಮಾಡಿದೆ. ಎರಡು ಸಲ ಸ್ಟಾರ್ಟರ್ ಹೊಡೆದೆ. ಎಂದಿನಂತೆ ತಡೆದು ತಡೆದು ತಿರುಗುವ ಬದಲು ಹಗುರವಾಗಿ ಗಿರ್ರ್ ಅಂತ ತಿರುಗಿತು. ಹಾಗೆ ತಿರುಗಿದರೆ ಬೆಲ್ಟ್ ಹೋಗಿದೆ ಅಂತಲೇ ಅರ್ಥ. ಒಂದೊಂದು ಸಲ ಹೊಡೆದಾಗಲೂ ವಾಲ್ವ್‌ಗಳಿಗೆ ಇನ್ನಷ್ಟು ಪೆಟ್ಟು ಬೀಳಬಹುದು. ನೀವು ಹೊಡೆಯಬೇಡಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ, ಗಸ್ತು ಗಾಡಿ ಬಂತು. ಗೃಹಪ್ರವೇಶಕ್ಕೆ ನಾವು ಹೋಗಲಾಗಲಿಲ್ಲ.

ಈ ಸಲ ಬುದ್ಧಿ ಉಪಯೋಗಿಸಿ ಬೇರೆ ಕಡೆ ಬಿಚ್ಚಿಸಿದೆ. ಪೂರ್ತಿ ವಿಡಿಯೊ ಮಾಡಿದೆ. ಗುಬ್ಬಿಯ ಅಣ್ಣನನ್ನೂ ಕರೆಸಿದೆ. ಬೆಲ್ಟು ಹೊಸದೇ, ಅದೊಂದೇ ಹೊಸದು. ಟೆನ್ಷನರ್ ಹಳೇದು, ರೋಲರ್ ಹಳೇದು. ಪಂಪಿನ ಬೇರಿಂಗ್ ಹಿಡಿದುಕೊಂಡು, ಬೆಲ್ಟಿನ ಹಲ್ಲೆಲ್ಲ ಉದುರಿತ್ತು. ಅಣ್ಣ ಪಂಪನ್ನು ಕೈಗೆತ್ತಿಕೊಂಡು ಬಟ್ಟೆಯಲ್ಲಿ ಒರೆಸಿ ಅಂಚು ತೋರಿಸಿದರು. ಎರಡು ಪಂಚ್ ಗುರುತು. “ಇದು 2016ರಲ್ಲಿ ನಾನೇ ಹಾಕಿದ್ದು ಸಾರ್, ನಾನು ಹಾಕಿದ್ದಕ್ಕೆಲ್ಲ ಈ ಗುರುತು ಹೊಡೀತೀನಿ” ಅಂದರು. ನನಗೆ ಮಾತೇ ಹೊರಡಲಿಲ್ಲ.

20ರಲ್ಲಿ 14 ವಾಲ್ವ್ ಬೆಂಡ್. ವಾಲ್ವ್‌ಗಳು ಕೂರುವ ಎಂಜಿನ್ನಿನ ಮೇಲ್ಭಾಗವನ್ನು (ಹೆಡ್) ಇಳಿಸಿ ಬೆಂಗಳೂರಿಗೆ ಕಳಿಸಿ, ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಹುಡುಕಿ ಎಲ್ಲ ಸೇರಿ 1,24,000 ರೂಪಾಯಿ, ಏಳು ವಾರ. ಇನ್ಶೂರೆನ್ಸಿನಿಂದ ಏನೂ ಬರಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಯಂತ್ರ ಕೆಟ್ಟರೆ, ಸವೆದರೆ ಪರಿಹಾರವಿಲ್ಲ.

ಗ್ಯಾರೇಜಿನವರು ಮೊದಲು ನಕ್ಕರು, ಆಮೇಲೆ ಫೋನ್ ಎತ್ತಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಅದು ನಡೆಯುತ್ತಿರುವುದರಿಂದ ಹೆಸರು ಹಾಕುತ್ತಿಲ್ಲ, ಕೇಳಬೇಡಿ. ಲಾಯರ್ ಫೀಸಿಗೆ ಹೆದರಿ ಬಿಡುವವರು ತುಂಬಾ ಜನ ಇದ್ದಾರೆ. ಗ್ಯಾರೇಜಿಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವೇ ಇಲ್ಲ, ದೂರನ್ನು ನಾವೇ ಕೊಡಬಹುದು. ಘಟನೆ ಆಗಿ 2 ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನನ್ನ ಕೈಯಲ್ಲಿ ಬಿಲ್ಲು, ವಿಡಿಯೊ, ಆ ಗುರುತಿನ ಪಂಪ್ ಇವೆ. ಅಣ್ಣ ಆ ಗುರುತು ಹೊಡೆಯದೇ ಇದ್ದಿದ್ದರೆ ನಾನು ಏನನ್ನು ತೋರಿಸುತ್ತಿದ್ದೆ, ಹೇಳಿ.

ಅದಕ್ಕೇ ಗಾಡಿ ಬಿಡುವ ಮೊದಲೇ ಹೇಳಿಬಿಡಿ, ಹಳೇ ಪಾರ್ಟೆಲ್ಲ ಡಿಕ್ಕಿಯಲ್ಲಿ ಹಾಕಿಡಿ ಅಂತ. ಹೊಸ ಪಾರ್ಟಿನ ಡಬ್ಬಿಯನ್ನೂ ಕೇಳಿ. ಕವರ್ ಮುಚ್ಚುವ ಮೊದಲು ಒಳಗಿನ ಫೋಟೊ ಬೇಕು ಅನ್ನಿ, ಸಾಧ್ಯವಾದರೆ ಎದುರಿಗೇ ನಿಲ್ಲಿ. ಇದಕ್ಕೆ ಮುಖ ಗಂಟಿಕ್ಕಿದರೆ ಕೀ ವಾಪಸ್ ತಗೊಂಡು ಬನ್ನಿ. ಈಚೆಗೆ ಎಲ್ಲಾದರೂ ಬೆಲ್ಟ್ ಹಾಕಿಸಿ, ಹಳೇ ಪಾರ್ಟ್ ನೋಡದೆ ಬಂದಿದ್ದರೆ ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲಂಟ್ ಮಟ್ಟ ನೋಡಿ, ಬೆಲ್ಟ್ ಕವರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ.